ಚಲುವಯ್ಯನ ಮೇಲಿನ ಗುಮಾನಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಲ್ಯಾಬ್ ಟೆಕ್ನಿಷಿಯನ್ ಚಿಕ್ಕಬಸಪ್ಪನವರೇ, ಹುಣಸೂರಿನ ಸಭಿಕರೇ,

ಐದು ನಿಮಿಷ ಮಾತಾಡಿ ಎಂದಿದ್ದಾರೆ. ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಐದು ನಿಮಿಷ ಹಾಜರಿ ಕೂಗುವುದಕ್ಕೇ ಸಾಲದು. ಪ್ರಯತ್ನಿಸುತ್ತೇನೆ.

ಚಿಕ್ಕಬಸಪ್ಪನವರು ರಕ್ತ ನೋಡಿ ಮಾತಾಡುವವರು. ನಾನೋ, ಮುಖ ನೋಡಿಯೇ ತೀರ್ಪು ಕೊಡುವವನು. ನಮ್ಮೂರು ಗಾವಡಗೆರೆಯಲ್ಲಿ ಪಾನನಿರೋಧ ಸಮಿತಿಯ ಕಾರ್ಯದರ್ಶಿಯಾಗಿದ್ದೆ. ನನ್ನ ತಮ್ಮ ಚಲುವಯ್ಯ ಹೊಗೆಸೊಪ್ಪು ಬೆಳೆಯುತ್ತಿದ್ದ. 2001ರಲ್ಲಿ ಅವನ ಕಣ್ಣು ಹಳದಿಯಾಯಿತು, ಕಾಲು ಊದಿತು, ಹೊಟ್ಟೆ ಉಬ್ಬಿತು. ಅಂಥ ಹೊಟ್ಟೆಗಳನ್ನು ನಾನು ಎಷ್ಟು ನೋಡಿಲ್ಲ? ಕುಡಿತವಲ್ಲದೆ ಇನ್ನೇನು?

"ನಾನು ಮುಟ್ಟಿಲ್ಲ ಕಣಣ್ಣೋ, ಅವ್ವನ ಆಣೆ" ಎಂದ. ಎಲ್ಲರೂ ಹಾಗೇ ಅನ್ನುತ್ತಾರೆ. ಅವನ ಟವೆಲ್ ಮೂಸಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹಿಂದೆ ಬಾಟಲಿ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದಕ್ಕೇ ಗುಮಾನಿ ಹೆಚ್ಚಾಯಿತು: ಎಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾನೆ!

ಹೋಟೆಲಿನಲ್ಲಿ ಹೇಳಿದೆ. ಡೇರಿಯಲ್ಲಿ ಹೇಳಿದೆ. ಅವನ ಹೆಂಡತಿ ವೀರಮ್ಮನಿಗೂ ಹೇಳಿದೆ. ಆಕೆ ಮಗಳು ಚಿನ್ನುವನ್ನು ಕರೆದುಕೊಂಡು ಪಿರಿಯಾಪಟ್ಟಣದ ತವರಿಗೆ ಹೋದಳು. ಅವನಿಗೆ ಬುದ್ಧಿ ಬರಲಿ ಎಂದು ಕಳಿಸಿದವನು ನಾನೇ. ಎರಡು ವರ್ಷ ಅವನು ಒಬ್ಬನೇ ಬೇಯಿಸಿಕೊಂಡು ತಿಂದ.

2003ರಲ್ಲಿ ಅವನು ರಕ್ತ ಕಾರಿಕೊಂಡಾಗ ಇಲ್ಲಿನ ಆಸ್ಪತ್ರೆಗೆ ಕರೆತಂದೆ. ಚಿಕ್ಕಬಸಪ್ಪನವರು ಸೂಜಿ ಹಿಡಿದು, "ಯಾವಾಗಲಾದ್ರೂ ಬ್ಲಡ್ ಹಾಕಿದ್ರಾ?" ಎಂದು ಕೇಳಿದರು.

"ಕುಡೀತಾನೆ, ಬರ್ಕೊಳ್ಳಿ" ಎಂದೆ ನಾನು.

"ಮೇಷ್ಟ್ರೇ, ನಾನು ಕೇಳ್ತಿರೋದು ಅವರನ್ನ."

ಹಾಕಿದ್ದರು. 1984ರಲ್ಲಿ ಎತ್ತಿನ ಗಾಡಿ ಮಗುಚಿ ಅವನ ತೊಡೆ ಮುರಿದಾಗ, ಈಗ ಮುಚ್ಚಿಹೋಗಿರುವ ಒಂದು ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಒಂದು ಯಾರದೋ. ಇನ್ನೊಂದು ನನ್ನದು.

ಮೈಸೂರಿಗೆ ಕಳಿಸಿದ ರಕ್ತದ ವರದಿ ಬಂತು: ಹೆಪಟೈಟಿಸ್ ಸಿ. ಸೋಂಕಿನ ರಕ್ತ ಮೈಸೇರಿದರೆ ಈ ರೋಗ ಹತ್ತಾರು ವರ್ಷ ಸದ್ದಿಲ್ಲದೆ ಲಿವರನ್ನು ತಿನ್ನುತ್ತದಂತೆ. ಎರಡು ವರ್ಷ ಮೊದಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು ವೈದ್ಯರು.

ಗುಮಾನಿ ಆಗ ನನ್ನ ಕಡೆಗೇ ತಿರುಗಿತು. ರೋಗ ಕೊಟ್ಟದ್ದು ನನ್ನ ರಕ್ತವೇ ಇರಬಹುದೆ? ನನ್ನದನ್ನೂ ಪರೀಕ್ಷಿಸಿದರು. ಏನೂ ಇರಲಿಲ್ಲ. ಸಭಿಕರೇ, ಅಂದು ಆಸ್ಪತ್ರೆಯ ಎದುರು ನಾನು ಮೈಸೂರುಪಾಕು ತಿಂದು ಕಾಫಿ ಕುಡಿದೆ. ತಮ್ಮ ಒಳಗೆ ಮಲಗಿದ್ದ.

ವೀರಮ್ಮನನ್ನು ಕರೆಯಲು ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು. "ಕುಡೀತಾನೆ ಅಂದೋರೂ ನೀವೇ, ಕುಡಿಯಾಕಿಲ್ಲ ಅನ್ನೋರೂ ನೀವೇ. ಯಾವುದ್ನ ನಂಬ್ಲಿ ಭಾವ?"

ವರದಿ ಕೊಟ್ಟೆ. ಓದಲು ಬಾರದ ಆಕೆ ಅದನ್ನು ಸೆರಗಿಗೆ ಕಟ್ಟಿಕೊಂಡು, ನನ್ನ ಜೊತೆ ಬರದೆ ಮುಂದಿನ ಬಸ್ಸಿಗೆ ಬಂದಳು. ಚಿಕ್ಕಬಸಪ್ಪನವರ ಬಾಯಿಂದ ಕೇಳಿದ ಮೇಲೆಯೇ ಗಂಡನ ಹತ್ತಿರ ಹೋದದ್ದು. ಏಳು ತಿಂಗಳು ನೋಡಿಕೊಂಡಳು. ಚಲುವ ಹೋದ.

ಆಕೆ ಇಂದು ಹಿಂದಿನ ಸಾಲಿನಲ್ಲಿದ್ದಾಳೆ. ಬಂದಿರುವುದು ಚಿಕ್ಕಬಸಪ್ಪನವರಿಗಾಗಿ. ನನ್ನೊಡನೆ ಆಕೆಗೆ ಇಂದಿಗೂ ಮಾತಿಲ್ಲ. ನಾನು ಒಬ್ಬೊಬ್ಬರ ಕಿವಿಯಲ್ಲಿ ಹೇಳಿದ್ದಕ್ಕೆ ಈಗ ಮೈಕಿನಲ್ಲಿ ಉತ್ತರ ಹೇಳಬೇಕು: ನನ್ನ ತಮ್ಮ ಕುಡಿಯುತ್ತಿರಲಿಲ್ಲ. ಸುಳ್ಳು ಹರಡಿದವನು ನಾನು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೇಳಿಸಿಕೊಂಡ ನಿಮಗೆಲ್ಲ ಋಣಿ. ಚಿಕ್ಕಬಸಪ್ಪನವರಿಗೂ, ವೀರಮ್ಮನಿಗೂ ನಮಸ್ಕಾರ.