ಬಾಣದ ತಲೆ ಯಾವ ಕಡೆಗೆ

ಹಂಗೇರಿಯ ಸೆಗೆದ್ ಊರಿನ ಟ್ರಾಮಿನಲ್ಲಿ ಮುದುಕಿ ಎಟೆಲ್ಕಾಳ ಎದುರಿಗೆ ಇಬ್ಬರು ಬಂದು ಕೂತರು. ಹುಡುಗಿ ಎನಿಕೋ, ಹುಡುಗ ಬೊತೋಂಡ್, ಇಬ್ಬರೂ ಲೇಸರ್ ಸಂಶೋಧನಾಲಯದವರೆಂದು ಕೊರಳಲ್ಲಿದ್ದ ಗುರುತಿನ ಚೀಟಿಯೇ ಹೇಳುತ್ತಿತ್ತು. ಹುಡುಗಿಯ ಕಣ್ಣು ಕೆಂಪಗಿತ್ತು.

“ಮೂರು ವರ್ಷದ ಲೆಕ್ಕ, ಬೊತೋಂಡ್. ಇವತ್ತು ಹತ್ತು ಗಂಟೆಗೆ ಎಲ್ಲರ ಮುಂದೆ ನಿಂತು ತಪ್ಪು ಅಂತ ಒಪ್ಕೋಬೇಕು.”

“ಅಷ್ಟೊಂದು ತಪ್ಪಾ, ಎನಿಕೋ?”

“ಲೇಸರ್ ಎಳೆದಾಗ ಎಲೆಕ್ಟ್ರಾನು ಅಣುವಿನ ಆಮ್ಲಜನಕದ ತುದಿಯಿಂದ ಕಿತ್ಕೊಂಡು ಹೋಗುತ್ತೆ ಅನ್ನುತ್ತೆ ನನ್ನ ಲೆಕ್ಕ. ಪ್ರಯೋಗದಲ್ಲಿ ಇಂಗಾಲದ ತುದಿಯಿಂದ ಹೋಗ್ತಿದೆ.”

“ಎಷ್ಟು ಹೋಗುತ್ತೆ ಅನ್ನೋದು?”

“ಅದೇ ಸೋಜಿಗ, ಅದೆಲ್ಲ ಸರಿಯಾಗಿದೆ. ತುದಿ ಮಾತ್ರ ಅದಲುಬದಲು.”

“ಅಣೂನ ಯಾವ ಕಡೆ ಮುಖ ಮಾಡಿ ನಿಲ್ಲಿಸಿದ್ದೆ?”

“ನೀನು ಬರೆದುಕೊಟ್ಟ ಚಿತ್ರ ಇತ್ತಲ್ಲ, ಅದರ ಬಾಣ ನೋಡ್ಕೊಂಡೇ ನಿಲ್ಲಿಸಿದೆ. ಬಾಣದ ತಲೆ ಅಣುವಿನ ಪ್ಲಸ್ ತುದಿ ಕಡೆಗೆ.”

ಅವನು ಹಣೆ ಚಚ್ಚಿಕೊಂಡ. ಎಟೆಲ್ಕಾ ಹೆಣಿಗೆಯ ಕಡ್ಡಿಯನ್ನು ಅಲ್ಲಿಗೇ ನಿಲ್ಲಿಸಿದಳು.

“ಅಯ್ಯೋ ಮಾರಾಯ್ತಿ! ನಾವು ರಸಾಯನದವರು ಬಾಣದ ತಲೆ ಮೈನಸ್ ಕಡೆಗೆ ಹಾಕ್ತೀವಿ.”

“ನಮ್ಮ ಭೌತದವರು ಪ್ಲಸ್ ಕಡೆಗೆ ಹಾಕೋದು!”

“ತಿರುಗಿಸಿ ನೋಡು ಮತ್ತೆ.”

ಅವಳು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ತೆರೆದು ಏನೋ ಒತ್ತಿದಳು. ಎಟೆಲ್ಕಾ ಕತ್ತು ಚಾಚಿದಳು. ಪರದೆಯಲ್ಲಿ ದೂರವಿದ್ದ ಕೆಂಪು ಗೆರೆ ಸರಿದು ನೀಲಿ ಗೆರೆಯ ಮೇಲೆ ಹೋಗಿ ಕೂತಿತು.

“ನನ್ನ ಲೆಕ್ಕ ಪ್ರಯೋಗದ ಮೇಲೇ ಕೂತ್ಕೊಂಡಿತು ಕಣೋ!”

“ನನ್ನನ್ನ ಬೈಯಲ್ವಾ?”

“ಆಮೇಲೆ ಬೈತೀನಿ. ಈಗ ಅಲ್ಲಿ ಏನಂತ ಹೇಳ್ಲಿ? ಮೂರು ವರ್ಷ ಬಾಣ ತಿರುಗಾಮುರುಗಾ ಇತ್ತು ಅಂತಾನಾ?”

“ಹಾಗೇ ಹೇಳು. ಕೂತಿರೋರಲ್ಲಿ ಅರ್ಧ ಜನ ನಗ್ತಾರೆ. ಉಳಿದೋರು ಸದ್ದಿಲ್ದೆ ತಮ್ಮ ಬಾಣ ನೋಡ್ಕೋತಾರೆ.”

ಟ್ರಾಮು ನಿಂತಿತು. ಹುಡುಗಿ ಲ್ಯಾಪ್‌ಟಾಪನ್ನು ಮುಚ್ಚದೆ, ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದುಕೊಂಡೇ ಇಳಿದುಹೋದಳು.