ಸತ್ತ ಕಾಲಿನ ಉರಿ

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಗುರುತಿಲ್ಲದ ಇಬ್ಬರು: ಗಾಲಿಕುರ್ಚಿಯಲ್ಲಿ ಅಕ್ಕ, ಪಕ್ಕದಲ್ಲಿ ಎಕ್ಸ್‌ರೇ ಕವರು ಹಿಡಿದ ಅವಳ ತಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಜಗಳವಾಡುತ್ತಿದ್ದರು. ನಾನು ಮೆಟ್ಟಿಲು ಹತ್ತಿ ಹೋಗಬಹುದಿತ್ತು, ಹೋಗಲಿಲ್ಲ.

"ಮುಂದಿನ ತಿಂಗಳಿಂದ ಅಮ್ಮ ನಮ್ಮನೇಲಿರ್ತಾಳೆ. ಮಗು ನೋಡ್ಕೊಳ್ಳೋಕೆ ಯಾರೂ ಇಲ್ಲ."

"ರಾತ್ರಿ ನನ್ನ ಮಗ್ಗುಲು ತಿರುಗಿಸೋರು ಯಾರು?"

"ನೀನೇ ತಿರುಗಬಹುದು ಅಂತ ಡಾಕ್ಟ್ರು ಹೇಳಿದ್ರಲ್ಲ."

"ನೋವಿಲ್ಲದಾಗ ತಿರುಗ್ತೀನಿ."

"ಬಂತಪ್ಪ ನೋವು. ಈಗ ತಾನೇ ಕಾಲಿಗೆ ಸೂಜಿ ಚುಚ್ಚಿದ್ರೆ ಗೊತ್ತಾಗ್ತಿಲ್ಲ ಅಂದೆ. ಅದೇ ಕಾಲು ಉರೀತಿದೆ ಅಂತೀಯ. ಯಾರ ಕಿವಿ ಮೇಲೆ ಹೂ ಇಡ್ತೀಯ?"

"ಬೆನ್ನುಮೂಳೆ ಮುರಿದ ಮೇಲೆ ಹಂಗೇ ಕಣೋ. ಮುಟ್ಟಿದ್ರೆ ಗೊತ್ತಾಗಲ್ಲ, ಉರಿ ಮಾತ್ರ ನಿಲ್ಲಲ್ಲ. ಈಗಲೂ ಕೆಂಡದಲ್ಲಿ ಇಟ್ಟ ಹಾಗಿದೆ."

"ಬೆಳಿಗ್ಗೆ ಪಕ್ಕದ ಮನೆಯವಳ ಜೊತೆ ನಗ್ತಾ ಕೂತಿದ್ದೆ."

"ವರ್ಷಗಟ್ಟಲೆ ಅಳ್ತಾ ಕೂರ್ಬೇಕಿತ್ತಾ?"

"ಅಮ್ಮನ್ನ ಕಟ್ಟಿಹಾಕ್ಕೊಳ್ಳೋಕೆ ಈ ನಾಟಕ. ಗಮನ ಬೇರೆ ಕಡೆ ಕೊಡು, ನೋವು ತಾನಾಗೇ ಹೋಗುತ್ತೆ."

ಲಿಫ್ಟು ಬಂತು. ಅವಳು ಕುರ್ಚಿಯನ್ನು ರಪ್ಪನೆ ತಿರುಗಿಸಿದಳು. ಚಕ್ರ ಅವನ ಪಾದದ ಮೇಲೆ ಹತ್ತಿ ಅಲ್ಲೇ ನಿಂತಿತು.

"ಅಕ್ಕಾ, ಕಾಲು. ತೆಗಿಯೇ."

"ಗಮನ ಬೇರೆ ಕಡೆ ಕೊಡು."

"ಪ್ರಾಣ ಹೋಗ್ತಿದೆ ಕಣೇ."

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಕುರ್ಚಿ ಸರಿಸಿಕೊಂಡು ಒಳಗೆ ಹೋದಳು. ಅವನು ಕುಂಟುತ್ತಾ ಹಿಂದೆ ಹೋದ. ನನಗೆ ಜಾಗವಿರಲಿಲ್ಲ. ಬಾಗಿಲು ಮುಚ್ಚುವಾಗ ಅವಳ ದನಿ ಕೇಳಿಸಿತು.

"ನಿಂದು ಸಂಜೆಗೆ ವಾಸಿಯಾಗುತ್ತೆ."