ಹವಳದ ಸಂದಿನಲ್ಲಿ ಮೀನೆಣಿಕೆ

ಕಡೂರು ರೈಲು ನಿಲ್ದಾಣದ ಬೆಂಚಿನಲ್ಲಿ, ತಡವಾದ ರೈಲನ್ನು ಬಾಯಿಗೆ ಬಂದಂತೆ ಬಯ್ಯುತ್ತ ಕೂತಿದ್ದ ಅಬ್ದುಲ್ ವಹಾಬ್, ಪಕ್ಕದವರ ಮಾತು ಕಿವಿಗೆ ಬಿದ್ದದ್ದೇ ಬೈಗುಳ ಬಿಟ್ಟು ಆಲಿಸತೊಡಗಿದ. ಯಗಟಿಯ ಕುರಿಗಾರ ಬೆನಕಪ್ಪ, ರಾಮೇಶ್ವರದ ಕಡಲಲ್ಲಿ ಮೀನೆಣಿಸುವ ಕೆಲಸದಲ್ಲಿದ್ದ ಮಗಳನ್ನು ರೈಲು ಹತ್ತಿಸಲು ಬಂದಿದ್ದ.

“ಒಂದ್ಸಲ ನಲವತ್ತು, ಇನ್ನೊಂದ್ಸಲ ಎಪ್ಪತ್ತು ಬರುತ್ತಪ್ಪ. ಈ ಸಲಾನೂ ಲೆಕ್ಕ ತಪ್ಪಿದ್ರೆ, ಹವಳ ಉಳಿಸಿ ಅನ್ನೋ ನಮ್ಮ ವರದಿ ಯಾರೂ ನಂಬಲ್ಲ. ಸುಣ್ಣಕ್ಕೆ ಅಂತ ಹವಳದ ದಿಬ್ಬಾನೆಲ್ಲ ಅಗೆದುಬಿಡ್ತಾರೆ.”

“ಹೆಂಗೆ ಎಣಿಸ್ತೀಯ?”

“ಹಿಂಡಿನ ಹಿಂದೆ ಈಜ್ತಾ.”

“ಥೂ, ಕುರಿಗಾರನ ಮಗಳೇನೇ ನೀನು! ನಾನು ಯಾವತ್ತಾದ್ರೂ ಕುರಿ ಹಿಂದೆ ಓಡಿ ಎಣಿಸಿದ್ದು ನೋಡಿದ್ದೀಯಾ? ದೊಡ್ಡಿ ಬಾಗಿಲಲ್ಲಿ ನಿಂತು, ದಾಟಿದ ಹಾಗೆ ಎಣಿಸ್ತೀನಿ.”

“ಕಡಲಲ್ಲಿ ದೊಡ್ಡಿ ಎಲ್ಲಿಂದ ತರ್ಲಪ್ಪ?”

“ಹವಳದ ಮಧ್ಯೆ ಸಂದಿಲ್ವೇನೇ?”

ಮಗಳು ಹಣೆ ಚಚ್ಚಿಕೊಂಡಳು.

“ಇದೆ ಕಣಪ್ಪಾ! ಬೆಳಗ್ಗೆ ಎಲ್ಲಾ ಅದರಲ್ಲೇ ನುಗ್ತಾವೆ!”

“ಅಲ್ಲೇ ಕಾಯಿ. ಬಾಯಿ ಮಾತ್ರ ಮುಚ್ಕೊಂಡಿರು, ಮಾತಾಡಿದ್ರೆ ಬೆದರ್ತಾವೆ.”

“ನೀರೊಳಗೆ ಮಾತಾಡೋಕೆ ಆಗಲ್ಲಪ್ಪ.”

“ಹಂಗಾದ್ರೆ ನಿನ್ನ ಮೀನು ಪುಣ್ಯ ಮಾಡಿದಾವೆ ಬಿಡು.”

ರೈಲು ಬಂತು. ಟ್ರಂಕು ಹೊತ್ತ ಅಪ್ಪ ಮುಂದೆ, ನಗು ತಡೆಯಲಾರದ ಮಗಳು ಹಿಂದೆ, ಇಬ್ಬರೂ ಜನರ ನಡುವೆ ಮರೆಯಾದರು.